2 ಹೆಡ್‌ಸೆಟ್, 20,000 ನಂಬರ್: ದಾವಣಗೆರೆಯ ಒಂದು ವಿಮಾ ಆಫೀಸಿನ ಟೆಲಿಕಾಲರ್ ಲೆಕ್ಕ

ದಾವಣಗೆರೆಯಲ್ಲಿ ನನ್ನ ಗೆಳೆಯನೊಬ್ಬ 14 ವರ್ಷದಿಂದ ವಿಮಾ ಏಜೆಂಟ್. ಜೀವ ವಿಮೆ, ಆರೋಗ್ಯ ವಿಮೆ, ಗಾಡಿ ವಿಮೆ ಮೂರನ್ನೂ ಮಾಡುತ್ತಾನೆ. ಪಿ.ಜೆ. ಬಡಾವಣೆಯಲ್ಲಿ ಒಂದೂವರೆ ಕೋಣೆಯ ಆಫೀಸು. ಕಾಗದಪತ್ರವೆಲ್ಲ ಹೆಂಡತಿಯ ಸುಪರ್ದಿ. ಅವರ ರಿಜಿಸ್ಟರಿನಲ್ಲಿ 640 ಮನೆಗಳಿವೆ. ನಾನು ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುವವನು, ಇವನದೂ ಬರೆಯುತ್ತೇನೆ. ಹಾಗಾಗಿ ಇದರಲ್ಲಿ ಬರುವ ಅಂಕಿಗಳು ನನ್ನ ಕೈಯಿಂದಲೇ ಹಾದುಹೋದವು. ಕೆಲವನ್ನು ರೌಂಡ್ ಮಾಡಿದ್ದೇನೆ. ಯಾರ ಹೆಸರನ್ನೂ, ಯಾವ ಕಂಪನಿಯ ಹೆಸರನ್ನೂ ಹಾಕಿಲ್ಲ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ 18% ಜಿಎಸ್‌ಟಿ ಹೋಯಿತು. ಗೆಳೆಯನಿಗೆ ಹುರುಪು ಬಂತು. ‘ಈಗ ಎಲ್ಲರೂ ಹೆಲ್ತ್ ಪಾಲಿಸಿ ತಗೋತಾರೆ, ಹೇಳೋರು ಬೇಕಷ್ಟೇ’ ಅಂದ. ಹೇಳೋರು ಅಂದರೆ ಟೆಲಿಕಾಲರ್. ಇಬ್ಬರು ಹುಡುಗಿಯರನ್ನು ಇಟ್ಟುಕೊಂಡು, ಊರಿನವರಿಗೆಲ್ಲ ಫೋನ್ ಮಾಡಿಸಿ, ‘ಬನ್ನಿ ಸರ್’ ಅಂದವರ ಮನೆಗೆ ತಾನು ಹೋಗಿ ಪಾಲಿಸಿ ಮಾಡುವುದು. ಇದು ಅವನ ಯೋಜನೆ.

ದೀಪಾವಳಿಗೆ ಮುಂಚೆ ಒಂದು ಸಂಜೆ ಬೆಣ್ಣೆ ದೋಸೆ ತಿನ್ನುತ್ತಾ ಅವನು ಲೆಕ್ಕ ಹೇಳಿದ. ಒಬ್ಬಳು ದಿನಕ್ಕೆ 100 ಕಾಲ್ ಮಾಡುತ್ತಾಳೆ, ಇಬ್ಬರಿಂದ 200. ನೂರಕ್ಕೆ ಒಬ್ಬರು ತಗೊಂಡರೂ ದಿನಕ್ಕೆ 2 ಪಾಲಿಸಿ. ತಿಂಗಳಿಗೆ 24 ದಿನ ಅಂದರೆ 48 ಪಾಲಿಸಿ. ಒಂದಕ್ಕೆ ಕಮಿಷನ್ ಸುಮಾರು 2,400 ರೂಪಾಯಿ. ಒಟ್ಟು 1,15,000 ಚಿಲ್ಲರೆ. ಖರ್ಚು? ಇಬ್ಬರಿಗೂ 14,000ದಂತೆ 28,000 ಸಂಬಳ, ಫೋನ್ ರೀಚಾರ್ಜ್ 700. ‘29 ಸಾವಿರ ಹಾಕಿ ಲಕ್ಷ ತೆಗೀಬಹುದು ಮಾರಾಯ’ ಅಂದ.

ಈ ಲೆಕ್ಕದಲ್ಲಿ ಗುಣಾಕಾರ ತಪ್ಪಿಲ್ಲ. ತಪ್ಪಿರುವುದು ‘ನೂರಕ್ಕೆ ಒಬ್ಬರು’ ಅನ್ನುವಲ್ಲಿ. ಅದು ಎಲ್ಲಿಂದ ಬಂತು ಅಂತ ಕೇಳಿದೆ. ‘ಅಷ್ಟೂ ಆಗಲ್ವಾ?’ ಅಂದ. ಅಷ್ಟೇ ಅದರ ಆಧಾರ.

ಕಮಿಷನ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಿಎಸ್‌ಟಿ ಹೋದದ್ದು ಗ್ರಾಹಕನಿಗೆ ಒಳ್ಳೆಯದೇ. ಆದರೆ ಏಜೆಂಟರ ಕಮಿಷನ್ ಮೇಲಿನ ಜಿಎಸ್‌ಟಿಯನ್ನು ಕಟ್ಟುತ್ತಿದ್ದದ್ದು ವಿಮಾ ಕಂಪನಿ. ಪ್ರೀಮಿಯಂ ಮೇಲೆ ತೆರಿಗೆ ಇದ್ದಾಗ ಅದನ್ನು ಅಲ್ಲಿ ಹೊಂದಿಸಿಕೊಳ್ಳುತ್ತಿತ್ತು. ಈಗ ಹೊಂದಿಸಿಕೊಳ್ಳಲು ಜಾಗವಿಲ್ಲ. ಅದಕ್ಕೆ ಇವನ ಕಂಪನಿ, ಕಮಿಷನ್ 15%, ಅದರೊಳಗೇ ಜಿಎಸ್‌ಟಿ ಸೇರಿದೆ ಅಂದುಬಿಟ್ಟಿತು. 15ನ್ನು 1.18ರಿಂದ ಭಾಗಿಸಿ, 12.7 ಬರುತ್ತದೆ. ಕೈಗೆ ಸಿಗುವುದು ಅಷ್ಟೇ. ಇವನು ಮಾರುವ ಫ್ಯಾಮಿಲಿ ಫ್ಲೋಟರ್ (ಇಡೀ ಮನೆಗೆ ಒಂದೇ) ಪಾಲಿಸಿಯ ಸರಾಸರಿ ಪ್ರೀಮಿಯಂ 19,000. ಅದರ 12.7% ಅಂದರೆ 2,413 ರೂಪಾಯಿ. ಮುಂದೆ ಎಲ್ಲಾ ಕಡೆ ಈ 2,413 ಬರುತ್ತದೆ, ನೆನಪಿಟ್ಟುಕೊಳ್ಳಿ.

ನಂಬರ್ ಎಲ್ಲಿಂದ?

ಕಾಲ್ ಮಾಡಲು ನಂಬರ್ ಬೇಕಲ್ಲ. ಒಬ್ಬ ‘ಡೇಟಾ’ ಮಾರುವವನು ಸಿಕ್ಕಿದ. 20,000 ನಂಬರ್, ಹೆಸರು ಸಮೇತ, 6,000 ರೂಪಾಯಿ. ಒಂದು ಎಕ್ಸೆಲ್ ಫೈಲು. ನಂಬರ್ ಒಂದಕ್ಕೆ 30 ಪೈಸೆ. ನಾನು ಬೇಡ ಅಂದೆ, ಅವನು ಆಗಲೇ ಕೊಂಡಾಗಿತ್ತು.

ಈ ಪಟ್ಟಿಯ ಬಗ್ಗೆ ನನಗೆ ಸಿಟ್ಟಿದೆ, ಮರೆಮಾಚುವುದಿಲ್ಲ. ಆ 20,000 ಜನರಲ್ಲಿ ಒಬ್ಬರೂ ‘ನನ್ನ ನಂಬರನ್ನು ವಿಮಾ ಏಜೆಂಟನಿಗೆ ಕೊಡಿ’ ಅಂದಿರಲಿಲ್ಲ. ವೈಯಕ್ತಿಕ ಮಾಹಿತಿ ಕಾಪಾಡುವ ಕಾಯ್ದೆ 2023ರಲ್ಲೇ ಬಂದಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ ಇದೆ, ನಿಜ. ಆದರೆ ಕಾಲಾವಕಾಶ ಇರುವುದು ಮನೆ ಸರಿಮಾಡಿಕೊಳ್ಳಲು, ಕದ್ದ ಮಾಲು ತುಂಬಿಕೊಳ್ಳಲು ಅಲ್ಲ.

ಮೊದಲ ಎರಡು ವಾರ ಅವನು ಮಾಡಿದ ದೊಡ್ಡ ತಪ್ಪು ಬೇರೆ. ಮಾಮೂಲಿ 2 ಸಿಮ್ ತಂದು ಹುಡುಗಿಯರ ಕೈಗೆ ಕೊಟ್ಟ. ಎರಡೂ ಅವನ ಹೆಸರಿನಲ್ಲೇ. ಹತ್ತನೇ ದಿನಕ್ಕೆ ಆ ನಂಬರುಗಳಿಂದ ಕಾಲ್ ಹೋದರೆ ಎದುರಿನವರ ಟ್ರೂಕಾಲರಿನಲ್ಲಿ ಕೆಂಪು ಬಣ್ಣ, ‘ಸ್ಪ್ಯಾಮ್’ ಅಂತ. ಎತ್ತುವವರು ಅರ್ಧಕ್ಕರ್ಧ ಕಡಿಮೆಯಾದರು. ಆಮೇಲೆ ಟೆಲಿಕಾಂ ಕಂಪನಿಯಿಂದ ಮೆಸೇಜ್ ಬಂತು: ನಿಮ್ಮ ನಂಬರಿನ ಮೇಲೆ ದೂರು ದಾಖಲಾಗಿದೆ.

ಆ ಮೆಸೇಜ್ ಹಿಡಿದುಕೊಂಡು ನನ್ನ ಹತ್ತಿರ ಬಂದಾಗ ಕೂತು ನಿಯಮ ಓದಿದೆವು. ಟೆಲಿಕಾಂ ನಿಯಂತ್ರಕ ಟ್ರಾಯ್ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಮಾರಾಟದ ಕಾಲ್ ಮಾಡುವವರು ಟೆಲಿಕಾಂ ಕಂಪನಿಯ ಹತ್ತಿರ ನೋಂದಣಿ ಮಾಡಿಸಬೇಕು. ಕಾಲ್ 140ರಿಂದ ಶುರುವಾಗುವ ನಂಬರಿನಿಂದಲೇ ಹೋಗಬೇಕು. 1909ಕ್ಕೆ ‘ಮಾರಾಟದ ಕಾಲ್ ಬೇಡ’ ಅಂತ ಹೇಳಿ ಡಿಎನ್‌ಡಿ ಹಾಕಿಸಿಕೊಂಡವರನ್ನು ಪಟ್ಟಿಯಿಂದ ತೆಗೆಯಬೇಕು. ಡಿಎನ್‌ಡಿಯಲ್ಲಿ ವಿಭಾಗಗಳಿವೆ, ಬ್ಯಾಂಕು, ವಿಮೆ, ಹಣಕಾಸು ಒಂದೇ ಗುಂಪು, ಮೊದಲನೆಯದೇ ಅದು. ಯಾರ ಕಾಟ ಜಾಸ್ತಿ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ ಬಿಡಿ.

2025ರ ಫೆಬ್ರವರಿಯಲ್ಲಿ ಈ ನಿಯಮವನ್ನು ಬಿಗಿ ಮಾಡಿದರು. ಮೊದಲು ಕಾಲ್ ಬಂದ 3 ದಿನದೊಳಗೆ ದೂರು ಕೊಡಬೇಕಿತ್ತು, ಈಗ 7 ದಿನ ಇದೆ. ನೋಂದಣಿ ಇಲ್ಲದವರ ಮೇಲೆ ಮೊದಲು 7 ದಿನದಲ್ಲಿ 10 ದೂರು ಬಂದರೆ ಕ್ರಮ ಆಗುತ್ತಿತ್ತು. ಈಗ 10 ದಿನದಲ್ಲಿ 5 ದೂರು ಸಾಕು. ಮೊದಲ ಸಲ ಸಿಕ್ಕಿಬಿದ್ದರೆ 15 ದಿನ ಹೊರಹೋಗುವ ಕಾಲ್ ಬಂದ್. ಎರಡನೇ ಸಲಕ್ಕೆ ಆ ವ್ಯಕ್ತಿಯ ಎಲ್ಲಾ ಸಂಪರ್ಕ ಒಂದು ವರ್ಷ ಕಡಿತ, ಕಪ್ಪುಪಟ್ಟಿ ಬೇರೆ.

‘ಎಲ್ಲಾ ಸಂಪರ್ಕ’ ಅನ್ನುವುದನ್ನು ಅವನು ಎರಡು ಸಲ ಓದಿದ. ಅವನ ಖಾಸಾ ನಂಬರ್ 14 ವರ್ಷದಿಂದ ಒಂದೇ. 640 ಮನೆಗಳ ಕ್ಯಾಲೆಂಡರಿನ ಮೇಲೆ, ಫ್ರಿಜ್ ಮೇಲೆ, ಪಾಲಿಸಿ ಕವರಿನ ಮೇಲೆ ಅದೇ ನಂಬರ್. ರಾತ್ರಿ 2 ಗಂಟೆಗೆ ಆಸ್ಪತ್ರೆಯಿಂದ ‘ಅಣ್ಣಾ, ಕ್ಯಾಶ್‌ಲೆಸ್ ಕಾರ್ಡ್ ತಗೋತಿಲ್ಲ’ ಅಂತ ಕರೆ ಬರುವುದು ಆ ನಂಬರಿಗೆ. ನಂಬರ್ ಒಂದಕ್ಕೆ 30 ಪೈಸೆಯ ಪಟ್ಟಿಗಾಗಿ ಅದನ್ನು ಜೂಜಿಗೆ ಇಟ್ಟಿದ್ದ. ಖರ್ಚಿನ ಪಟ್ಟಿಯಲ್ಲಿ ಇದಕ್ಕೆ ಎಷ್ಟು ಅಂತ ಬರೆಯುವುದು? ನನಗೆ ಗೊತ್ತಾಗಲಿಲ್ಲ, ಖಾಲಿ ಬಿಟ್ಟೆ. ಅದೃಷ್ಟಕ್ಕೆ ದೂರು ಐದಕ್ಕೆ ಮುಟ್ಟಲಿಲ್ಲ. ಸಿಮ್ ಎರಡನ್ನೂ ಅವತ್ತೇ ತೆಗೆದಿಟ್ಟೆವು. ನೋಂದಣಿ ಮಾಡಿಸಿ, ಕಾಲ್ ಕಳಿಸುವ ಸೇವೆಯೊಂದನ್ನು ಬಾಡಿಗೆಗೆ ತಗೊಂಡೆವು. ತಿಂಗಳಿಗೆ 4,500. ಡಿಎನ್‌ಡಿ ಜರಡಿ ಹಿಡಿದ ಮೇಲೆ 20,000 ನಂಬರಿನಲ್ಲಿ 11,000 ಚಿಲ್ಲರೆ ಉಳಿದವು. ಅದರಲ್ಲೂ ಎಷ್ಟೋ ಸತ್ತ ನಂಬರ್.

ಕೊಂಡ ಪಟ್ಟಿಯನ್ನೇ ಬಳಸಿದ್ದು ಸರಿಯಾಯಿತು ಅಂತ ನಾನು ಹೇಳುತ್ತಿಲ್ಲ. ಇವತ್ತು ಕೇಳಿದರೆ ಅವನೂ ಹೇಳುವುದಿಲ್ಲ.

ಕಾಲರ್ ಏನು ಹೇಳಬಹುದು, ಏನು ಹೇಳಬಾರದು

ಇದು ಬಹಳ ಏಜೆಂಟರು ಗಮನಿಸದ ಜಾಗ. 1938ರ ವಿಮಾ ಕಾಯ್ದೆಯ 40ನೇ ಕಲಂ ಪ್ರಕಾರ ಕಮಿಷನ್ ಹೋಗಬೇಕಾದದ್ದು ಏಜೆಂಟ್ ಅಥವಾ ನೋಂದಾಯಿತ ಮಧ್ಯವರ್ತಿಗೆ ಮಾತ್ರ. 42ನೇ ಕಲಂ ಪ್ರಕಾರ ಅರ್ಹತೆ ಇಲ್ಲದವರು ಏಜೆಂಟ್ ಕೆಲಸ ಮಾಡಿದರೆ 10,000 ರೂಪಾಯಿವರೆಗೆ ದಂಡ. ಅಂದರೆ ಟೆಲಿಕಾಲರ್ ಹುಡುಗಿ ‘ನಮ್ಮ ಸರ್ ಬಂದು ವಿವರ ಹೇಳಬಹುದಾ, ಯಾವಾಗ ಬಿಡುವು?’ ಅಂತ ಕೇಳುವುದು ಒಂದು. ‘ಈ ಪಾಲಿಸಿ ತಗೊಳ್ಳಿ, ಇಷ್ಟು ಕವರ್ ಆಗುತ್ತೆ’ ಅನ್ನುವುದು ಇನ್ನೊಂದು. ಎರಡನೆಯದನ್ನು ಮಾಡಬೇಕಾದರೆ ಅವಳೂ ತರಬೇತಿ ಮುಗಿಸಿ, ಐಸಿ-38 ಪರೀಕ್ಷೆ ಪಾಸಾಗಿ ಏಜೆಂಟ್ ಆಗಿರಬೇಕು. ಜೊತೆಗೆ, ಕಂಪನಿಯ ಒಪ್ಪಿಗೆ ಇಲ್ಲದೆ ಏಜೆಂಟ್ ತನ್ನದೇ ಜಾಹೀರಾತು ಮಾಡುವಂತಿಲ್ಲ. ಅದಕ್ಕೆ ಕಾಲರ್ ಓದುವ ನಾಲ್ಕು ಸಾಲನ್ನೂ ಬ್ರಾಂಚಿಗೆ ಕಳಿಸಿ ಒಪ್ಪಿಗೆ ತಗೊಂಡೆವು. ಅದಕ್ಕೆ 9 ದಿನ ಹೋಯಿತು. ಆ 9 ದಿನವೂ ಸಂಬಳ ಓಡುತ್ತಲೇ ಇತ್ತು.

ನಾಲ್ಕು ಸಾಲಿನಲ್ಲಿ ನಿಲ್ಲುವುದು ಹೇಳಿದಷ್ಟು ಸುಲಭವಲ್ಲ. ಎದುರಿನವರು ಕೇಳುತ್ತಾರೆ: ‘ನಂಗೆ ಶುಗರ್ ಇದೆ, ಪರವಾಗಿಲ್ವಾ?’ ಒಬ್ಬ ಹುಡುಗಿ ಒಂದು ದಿನ ‘ಏನೂ ತೊಂದರೆ ಇಲ್ಲ ಸರ್, ಎಲ್ಲಾ ಕವರ್ ಆಗುತ್ತೆ’ ಅಂದುಬಿಟ್ಟಳು. ಮೋಸ ಮಾಡಬೇಕು ಅಂತಲ್ಲ. ಆ ಮನುಷ್ಯ ಫೋನ್ ಇಡಬಾರದು ಅಂತ. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯುವ ಅವಧಿ ಇರಬಹುದು. ಹೇಳದೆ ಮುಚ್ಚಿಟ್ಟರೆ ಕ್ಲೇಮ್ ಹೊತ್ತಿನಲ್ಲಿ ಬಾಗಿಲು ಮುಚ್ಚುತ್ತದೆ. ಗೆಳೆಯ ಅವರ ಮನೆಗೆ ಹೋಗಿ ನಿಜ ಹೇಳಿದ. ಅವರು, ‘ಫೋನಲ್ಲಿ ಒಂದು, ಮನೇಲಿ ಒಂದಾ?’ ಅಂತ ಕಾಫಿ ಕೂಡ ಕೊಡದೆ ಕಳಿಸಿದರು. ಅವರದು ತಪ್ಪಲ್ಲ.

ಹುಡುಗಿಯರ ದಿನ

ಈ ಕೆಲಸದ ಬಗ್ಗೆ ಲೆಕ್ಕದ ಹಾಳೆ ಹೇಳದ ವಿಷಯವೇ ಜಾಸ್ತಿ. ನಾನು ಒಂದು ಮಧ್ಯಾಹ್ನ ಸುಮ್ನೆ ಅಲ್ಲಿ ಕೂತಿದ್ದೆ. ಒಬ್ಬಳು ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು, ಬಿ.ಕಾಂ. ಮುಗಿಸಿದವಳು. ಒಂದು ಗಂಟೆಯಲ್ಲಿ 19 ಕಾಲ್ ಹಾಕಿದಳು. 6 ಜನ ಎತ್ತಿದರು. ಒಬ್ಬರು ‘ಮೀಟಿಂಗಲ್ಲಿದ್ದೀನಿ’ ಅಂದರು, ಹಿಂದೆ ಕುಕ್ಕರ್ ಕೂಗುತ್ತಿತ್ತು. ಒಬ್ಬರು ಮಾತೇ ಆಡದೆ ಇಟ್ಟರು. ಒಬ್ಬರು ‘ಯಾರ್ರೀ ನೀವು? ನನ್ನ ನಂಬರ್ ಎಲ್ಲಿ ಸಿಕ್ತು?’ ಅಂದರು. ಆ ಪ್ರಶ್ನೆಗೆ ಅವಳ ಹತ್ತಿರ ಉತ್ತರವಿಲ್ಲ. ಮಾಲೀಕನ ಹತ್ತಿರವೂ ಇಲ್ಲ. ಆ ಪ್ರಶ್ನೆ ಬಂದ ಕಡೆ ಒಂದೂ ಪಾಲಿಸಿ ಆಗಲಿಲ್ಲ, ಮೂರು ತಿಂಗಳಲ್ಲಿ ಒಂದೇ ಒಂದೂ. ಇನ್ನೊಬ್ಬ ಅಜ್ಜಿ ಮಾತ್ರ 11 ನಿಮಿಷ ಮಾತಾಡಿದರು. ಮಗ ಬೆಂಗಳೂರಲ್ಲಿ, ಮೊಣಕಾಲು ನೋವು, ಮಂಡಕ್ಕಿ ಜೀರ್ಣ ಆಗಲ್ಲ. ವಿಮೆ ಬೇಡವಂತೆ. ಹುಡುಗಿ ಫೋನ್ ಇಟ್ಟು ನಕ್ಕಳು. ಆ ಗಂಟೆಯಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಎರಡನೆಯವಳು 5 ವಾರಕ್ಕೆ ಕೆಲಸ ಬಿಟ್ಟಳು. ಯಾರೋ ಒಬ್ಬ ವಾಪಸ್ ಫೋನ್ ಮಾಡಿಸಿಕೊಂಡು ಹೊಲಸು ಮಾತಾಡಿದ್ದ. ಅವಳ ಜಾಗಕ್ಕೆ ಬಂದವಳಿಗೆ ಮತ್ತೆ ಮೊದಲಿಂದ ಕಲಿಸಬೇಕಾಯಿತು. ಕಲಿಸಿದ್ದು ಗೆಳೆಯನ ಹೆಂಡತಿ, ಪೂರಾ ಒಂದು ವಾರ. ಆ ವಾರ ಮೂರು ಮನೆಯ ರಿನ್ಯೂವಲ್ ನೆನಪಿಸುವುದು ತಪ್ಪಿತು. ಒಂದು ಗಾಡಿ ವಿಮೆ ಮುಗಿದೇ ಹೋಯಿತು. ಹಳೇ ಗ್ರಾಹಕರು ಬೈದರು, ಸರಿಯಾಗಿಯೇ ಬೈದರು.

ಹೊತ್ತೂ ಮುಖ್ಯ. ಬೆಳಿಗ್ಗೆ ಎಪಿಎಂಸಿ ವ್ಯಾಪಾರಿಗಳು ಹರಾಜಿನಲ್ಲಿ ಇರುತ್ತಾರೆ, ಎತ್ತುವುದಿಲ್ಲ. ಮಧ್ಯಾಹ್ನ ಮನೆಯವರು ಎತ್ತುತ್ತಾರೆ, ‘ಯಜಮಾನ್ರನ್ನ ಕೇಳಿ’ ಅನ್ನುತ್ತಾರೆ. ಚನ್ನಗಿರಿ ಕಡೆಯವರು ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದರಲ್ಲಿ ಮುಳುಗಿದ್ದರು. ದುಡ್ಡು ಕೈಗೆ ಬಂದ ಮೇಲೆ ಮಾತಾಡೋಣ ಅಂದರು. ಕಾಲ್ ಎತ್ತಿ ನಿಜವಾಗಿ ಮಾತಾಡುವ ಹೊತ್ತು ಸಂಜೆ 5ರಿಂದ 7. ಆದರೆ ಹರಿಹರದ ಹುಡುಗಿ 6 ಗಂಟೆಯ ಬಸ್ಸು ಹಿಡಿಯಬೇಕು. ಅವಳನ್ನು ಕತ್ತಲಾಗುವವರೆಗೆ ಕೂರಿಸಿಕೊಳ್ಳುವುದು ಬೇಡ ಅಂತ ಗೆಳೆಯನ ಹೆಂಡತಿ ಕಡ್ಡಿ ಮುರಿದಂತೆ ಹೇಳಿದರು. ಹಾಗಾಗಿ ಸಂಬಳ ಕೊಟ್ಟದ್ದು ದಿನವಿಡೀ, ಕೆಲಸಕ್ಕೆ ಬಂದದ್ದು ಒಂದು ಗಂಟೆ.

ಮೂರು ತಿಂಗಳ ಲೆಕ್ಕ

ಈಗ ಹಾಳೆಗೆ ಬರೋಣ. ಕೆಳಗಿನದೆಲ್ಲ ತಿಂಗಳ ಸರಾಸರಿ.

ಸಂಬಳ 28,000. ಕಾಲ್ ಸೇವೆ 4,500. ಪಕ್ಕದ ಅರ್ಧ ಕೋಣೆಯ ಬಾಡಿಗೆ, ಕರೆಂಟು 3,500. ಎರಡು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್, ಹೆಡ್‌ಸೆಟ್, ಮೇಜು ಸೇರಿ 36,000 ಆಗಿತ್ತು. ವರ್ಷಕ್ಕೆ ಹಂಚಿದರೆ ತಿಂಗಳಿಗೆ 3,000. ಹಬ್ಬದ ಬೋನಸ್ಸಿಗೆ ತೆಗೆದಿಟ್ಟದ್ದು 2,300. ಇಲ್ಲಿಗೆ 41,300. ಇಬ್ಬರೇ ಆದ್ದರಿಂದ ಪಿಎಫ್, ಇಎಸ್‌ಐ ತಗುಲಲಿಲ್ಲ. ಹೆಚ್ಚು ಜನ ಇಟ್ಟವರು ಅದನ್ನೂ ಸೇರಿಸಿಕೊಳ್ಳಬೇಕು.

ಅದರ ಮೇಲೆ ಇನ್ಸೆಂಟಿವ್. ಕಮಿಷನ್ನಿನಲ್ಲಿ ಪಾಲು ಕೊಡುವಂತಿಲ್ಲ. ಅದಕ್ಕೆ ಒಂದು ಅಪಾಯಿಂಟ್‌ಮೆಂಟಿಗೆ 50 ರೂಪಾಯಿ ಅಂತ ಇಟ್ಟೆವು. ಇದು ನನ್ನ ಐಡಿಯಾ, ಕೆಟ್ಟ ಐಡಿಯಾ. ‘ಆಯ್ತಮ್ಮಾ ಬರ್ಲಿ ನೋಡೋಣ’ ಅಂದವರೆಲ್ಲ ಅಪಾಯಿಂಟ್‌ಮೆಂಟ್ ಆದರು. ಗೆಳೆಯ ಬಾತಿವರೆಗೂ ಸ್ಕೂಟರಿನಲ್ಲಿ ಹೋಗಿ ಬೀಗ ನೋಡಿ ಬಂದ. ಮೂರನೇ ತಿಂಗಳು ‘ಎದುರಿಗೆ ಸಿಕ್ಕಿದರೆ ಮಾತ್ರ 50’ ಅಂತ ಬದಲಾಯಿಸಿದೆವು. ಸರಾಸರಿ 3,900 ಆಯಿತು. ಓಡಾಟಕ್ಕೆ ಪೆಟ್ರೋಲ್ 3,150. ಒಟ್ಟು ತಿಂಗಳಿಗೆ 48,350. ಅವನು ಅಂದುಕೊಂಡದ್ದು 28,700.

ಬಂದದ್ದೇನು? ತಿಂಗಳಿಗೆ 5,280 ಕಾಲ್ ಹಾಕಿದರು. ಎತ್ತಿದವರು 1,800ರ ಆಸುಪಾಸು. ಅರ್ಧ ನಿಮಿಷ ದಾಟಿದ ಮಾತು 620. ‘ಬನ್ನಿ’ ಅಂದವರು 96. ಅವನು ಹೋದದ್ದು 70 ಕಡೆ. ಸಿಕ್ಕಿದವರು 41. ಅದರಲ್ಲಿ ನಿಜವಾಗಿ ವಿಮೆ ಬೇಕು ಅಂತ ಕೂತು ಕೇಳಿದವರು 17. ಪಾಲಿಸಿ ಆದದ್ದು 6.

ಅಂದರೆ 880 ಕಾಲಿಗೆ ಒಂದು ಪಾಲಿಸಿ. ನೂರಕ್ಕೆ ಒಂದಲ್ಲ.

ಮೂರು ತಿಂಗಳಲ್ಲಿ ನಿಜಕ್ಕೂ 20 ಪಾಲಿಸಿ ಆಗಿದ್ದವು. ಎರಡು ಮನೆಯವರು ವಾಪಸ್ ಮಾಡಿದರು. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಅನ್ನುವ ಹಕ್ಕು ಗ್ರಾಹಕನಿಗಿದೆ. ಅದು ಒಳ್ಳೆಯ ನಿಯಮವೇ. ಬಂದ ಕಮಿಷನ್ ಹಿಂದೆ ಹೋಯಿತು. ಉಳಿದದ್ದು 18.

ಟೆಲಿಕಾಲಿಂಗ್ ಮಾರುವವರು ಯಾವಾಗಲೂ ‘ಒಂದು ಲೀಡಿಗೆ ಇಷ್ಟು’ ಅನ್ನುತ್ತಾರೆ. ಲೀಡ್ ಅಂದರೆ ‘ಬನ್ನಿ’ ಅಂದ ಒಬ್ಬರು. ಇವನ ಲೆಕ್ಕದಲ್ಲಿ ಲೀಡಿಗೆ 504 ರೂಪಾಯಿ ಬಿತ್ತು. ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ‘ಬನ್ನಿ’ ಅನ್ನುವುದು ನಮ್ಮ ಕಡೆ ಎಷ್ಟೋ ಸಲ ‘ಬೇಡ’ ಅನ್ನುವುದರ ಮರ್ಯಾದೆಯ ರೂಪ. ಪಾಲಿಸಿ ಒಂದಕ್ಕೆ ಎಷ್ಟು ಬಿತ್ತು ನೋಡಿ: 8,058. ಬರುವ ಕಮಿಷನ್ 2,413. ಪಟ್ಟಿಯ 6,000 ಬಿಟ್ಟು ಮೂರು ತಿಂಗಳಿಗೆ ಹಾಕಿದ್ದು 1,45,050, ಬಂದದ್ದು 43,434. ಕೈಬಿಟ್ಟದ್ದು ಒಂದು ಲಕ್ಷದ ಮೇಲೆ ಚೂರು.

ಗೆಳೆಯ ಇಲ್ಲಿ ನ್ಯಾಯವಾದ ಮಾತೊಂದನ್ನು ಹೇಳಿದ. ‘ಆರೋಗ್ಯ ವಿಮೆ ಪ್ರತಿ ವರ್ಷ ರಿನ್ಯೂ ಆಗುತ್ತೆ, ಪ್ರತಿ ವರ್ಷ ಕಮಿಷನ್ ಬರುತ್ತೆ. ಒಂದೇ ವರ್ಷಕ್ಕೆ ನೋಡಿದ್ರೆ ಹೆಂಗೆ?’ ಸರಿ, ನೋಡೋಣ ಅಂತ 5 ವರ್ಷಕ್ಕೆ ಎಳೆದೆ. ಪ್ರತಿ ವರ್ಷ ನೂರಕ್ಕೆ 80 ಮನೆ ಉಳಿದರೆ, ಒಂದು ತಿಂಗಳ 6 ಪಾಲಿಸಿಯಿಂದ 5 ವರ್ಷದಲ್ಲಿ ಬರುವುದು 48,600ರ ಹತ್ತಿರ. ಖರ್ಚು 48,350. ಅಂದರೆ ಐದನೇ ವರ್ಷದ ಕೊನೆಗೆ ಅಸಲು ಹುಟ್ಟುತ್ತದೆ, ಬಡ್ಡಿ ಇಲ್ಲದೆ. ನೂರಕ್ಕೆ 60 ಉಳಿದರೆ 33,400. ಆಗ ಅಸಲೂ ಇಲ್ಲ. ಅವನ ಹಳೇ ಗ್ರಾಹಕರಲ್ಲಿ 80ಕ್ಕಿಂತ ಜಾಸ್ತಿಯೇ ಉಳಿಯುತ್ತಾರೆ. ಆದರೆ ಫೋನಿನಲ್ಲಿ ಸಿಕ್ಕವರು ಮುಂದಿನ ವರ್ಷ ಇನ್ನೊಬ್ಬಳು ಫೋನ್ ಮಾಡಿದರೆ ಅಲ್ಲಿಗೆ ಪೋರ್ಟ್ ಆಗುವವರೇ. ಇದು ನನ್ನ ಅನಿಸಿಕೆ, ಅವನು ಒಪ್ಪುವುದಿಲ್ಲ.

ಇನ್ನೂ ಒಂದು ಖರ್ಚನ್ನು ಅವನು ಕೊನೆಯವರೆಗೂ ಹಾಳೆಗೆ ಹಾಕಲು ಬಿಡಲಿಲ್ಲ. ಅವನದೇ ಹೊತ್ತು. 70 ಕಡೆ ಹೋಗಿಬರಲು ಒಂದಕ್ಕೆ 50 ನಿಮಿಷ ಹಿಡಿದರೆ ತಿಂಗಳಿಗೆ 58 ಗಂಟೆ. ಅವನ ಮಾಮೂಲಿ ದುಡಿಮೆ ತಿಂಗಳಿಗೆ 66,000, ಸುಮಾರು 200 ಗಂಟೆ ಕೆಲಸ. ಗಂಟೆಗೆ 330. ಹಾಗೆ ನೋಡಿದರೆ 19,140 ರೂಪಾಯಿಯ ಹೊತ್ತು ಬೀಗ ಹಾಕಿದ ಬಾಗಿಲುಗಳ ಮುಂದೆ, ‘ಯಾವ ಫೋನ್? ಗೊತ್ತಿಲ್ವಲ್ಲ’ ಅನ್ನುವವರ ಮುಂದೆ ಹೋಯಿತು. ಅದನ್ನೂ ಸೇರಿಸಿದರೆ ಪಾಲಿಸಿ ಒಂದಕ್ಕೆ 11,248. ‘ನನ್ನ ಟೈಮಿಗೆ ಯಾರು ದುಡ್ಡು ಕೊಡ್ತಾರೆ?’ ಅಂದ ಅವನು. ಅದೇ ತಾನೇ ನಾನು ಹೇಳುತ್ತಿರುವುದು? ಆ 58 ಗಂಟೆ ಹಳೇ ಗ್ರಾಹಕರ ಮನೆಗೆ ಹೋಗಿದ್ದರೆ ದುಡ್ಡು ಬರುತ್ತಿತ್ತು.

ಬೆಂಗಳೂರಿನಿಂದ ಲೀಡ್ ಕೊಂಡ ಕತೆ ಚಿಕ್ಕದು. ಒಂದು ಕಾಲ್ ಸೆಂಟರ್ 250 ರೂಪಾಯಿಗೆ ಒಂದು ಲೀಡ್ ಕೊಡುತ್ತೇವೆ ಅಂದಿತು. 10,000 ಕೊಟ್ಟು 40 ತಗೊಂಡ. ಫೋನ್ ಮಾಡಿದರೆ, ‘ನೀವು ನಾಲ್ಕನೆಯವರು ಸರ್’ ಅಂದರು ಒಬ್ಬರು. ಒಂದೇ ಲೀಡನ್ನು ಹಲವರಿಗೆ ಮಾರಿದ್ದರು. ಪಾಲಿಸಿ ಆದದ್ದು 1. ಅಲ್ಲಿಗೆ ನಿಲ್ಲಿಸಿದ.

ಸಂಕ್ರಾಂತಿ ಆದ ಮೇಲೆ

ಜನವರಿ ಕೊನೆಗೆ ಮೂರು ಜನ ಕೂತೆವು. ನಾನು, ಅವನು, ಅವನ ಹೆಂಡತಿ. ಮಾತು ತಿರುಗಿಸಿದ್ದು ಅವರೇ. ‘ಗೊತ್ತಿಲ್ಲದೋರಿಗೆ ಫೋನ್ ಮಾಡಿ ಬೈಸಿಕೊಳ್ಳೋ ಬದ್ಲು, ನಮ್ಮ ರಿಜಿಸ್ಟರ್‌ನಲ್ಲಿರೋರಿಗೆ ಎಷ್ಟು ಜನಕ್ಕೆ ಹೆಲ್ತ್ ಪಾಲಿಸಿ ಇದೆ ಅಂತ ನೋಡಿದೀರಾ?’ ನೋಡಿರಲಿಲ್ಲ. ಎಣಿಸಿದಾಗ 212 ಮನೆಗಳಲ್ಲಿ ಬರೀ ಜೀವ ವಿಮೆ ಅಥವಾ ಗಾಡಿ ವಿಮೆ ಇತ್ತು, ಆರೋಗ್ಯ ವಿಮೆ ಇರಲಿಲ್ಲ. 14 ವರ್ಷ ಆ ಮನೆಗಳಿಗೆ ಹೋಗಿ ಬಂದಿದ್ದಾನೆ, ಮಗಳ ಮದುವೆಗೆ ಹೋಗಿದ್ದಾನೆ, ಕೇಳಿರಲಿಲ್ಲ.

ಹರಿಹರದ ಹುಡುಗಿಯನ್ನು ಉಳಿಸಿಕೊಂಡರು. ಇನ್ನೊಬ್ಬಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಉಳಿದವಳ ಅರ್ಧ ದಿನ ರಿನ್ಯೂವಲ್ ನೆನಪಿಸುವುದು, ಕ್ಲೇಮ್ ಕಾಗದ ಹಿಂಬಾಲಿಸುವುದು, ನಾಮಿನಿ ಹೆಸರು ಸರಿ ಮಾಡಿಸುವುದು. ಇನ್ನರ್ಧ ದಿನ ಈ 212 ಮನೆಗಳು. ಹಳೇ ಗ್ರಾಹಕರು ಅಂದ ಮಾತ್ರಕ್ಕೆ ಹೊಸ ಪಾಲಿಸಿ ಮಾರಲು ಫೋನ್ ಮಾಡಬಹುದು ಅಂತಲ್ಲ. ಅದೂ ಮಾರಾಟದ ಕಾಲ್ ಆಗುತ್ತದೆ. ಅದಕ್ಕೆ ಮೊದಲು ಒಂದು ಚೀಟಿ ಮಾಡಿಸಿ, ಕಂತು ಕಟ್ಟಲು ಬಂದಾಗ, ಸಿಕ್ಕಿದಾಗ ‘ಬೇರೆ ವಿಮೆ ಬಗ್ಗೆ ಫೋನ್ ಮಾಡಬಹುದಾ?’ ಅಂತ ಕೇಳಿ ಸಹಿ ತಗೊಂಡರು. ಹತ್ತಾರು ಮನೆಯವರು ಬೇಡ ಅಂದರು. ಅವರನ್ನು ಬಿಟ್ಟರು.

ಮುಂದಿನ ಮೂರು ತಿಂಗಳ ಲೆಕ್ಕ: ಅವಳ ಅರ್ಧ ಸಂಬಳ 21,000, ಚೀಟಿ ಮುದ್ರಣ 1,500, 61 ಮನೆಗೆ ಹೋದ ಪೆಟ್ರೋಲ್ 2,745. ಒಟ್ಟು 25,245. ಪಾಲಿಸಿ 19. ಒಂದಕ್ಕೆ 1,329 ರೂಪಾಯಿ. ಬಂದ ಕಮಿಷನ್ 45,847. ಬಾಗಿಲಿಗೆ ಬೀಗ ಇದ್ದದ್ದು ಎರಡೇ ಕಡೆ.

ಈ ಹೋಲಿಕೆ ಪೂರ್ತಿ ನ್ಯಾಯವಲ್ಲ ಅಂತ ನನಗೂ ಗೊತ್ತು. ಆ 19 ಮನೆಗಳನ್ನು ಗೆಲ್ಲಲು 14 ವರ್ಷ ಹಿಡಿದಿದೆ. ಆ ಖರ್ಚು ಈ ಹಾಳೆಯಲ್ಲಿಲ್ಲ. ಅದಕ್ಕಿಂತ ಮುಖ್ಯ, ಈ ಬಾವಿ ಬತ್ತುತ್ತದೆ. 212 ಮುಗಿದರೆ ಮುಗಿಯಿತು. ನಿನ್ನೆ ಮೊನ್ನೆ ಏಜೆಂಟ್ ಆದವನಿಗೆ ಈ ದಾರಿಯೇ ಇಲ್ಲ. ಅವನಿಗೆ ಗೊತ್ತಿಲ್ಲದವರ ಬಾಗಿಲು ತಟ್ಟದೆ ಗತಿಯಿಲ್ಲ, ಫೋನಿನಲ್ಲೋ ಕಾಲ್ನಡಿಗೆಯಲ್ಲೋ.

ಟೆಲಿಕಾಲರ್ ಎಲ್ಲರಿಗೂ ನಷ್ಟವೇ ಅಂತಲೂ ಅಲ್ಲ. ಇವನ ಖರ್ಚು ಹುಟ್ಟಬೇಕಾದರೆ ಅದೇ ತಿಂಗಳು 20 ಪಾಲಿಸಿ ಆಗಬೇಕಿತ್ತು, ಆದದ್ದು 6. ಪ್ರೀಮಿಯಂ ನಾಲ್ಕು ಪಟ್ಟು ದೊಡ್ಡದಿರುವ ಕಡೆ, ಅಂದರೆ ರೈಸ್ ಮಿಲ್ಲು, ಗೋದಾಮು, ಶಾಲಾ ಬಸ್ಸುಗಳ ವಿಮೆ ಇದ್ದರೆ 6 ಪಾಲಿಸಿಯೂ ಗಿಟ್ಟಬಹುದು. 50 ಜನ ಕೂತು ಕಾಲ್ ಮಾಡುವ ದೊಡ್ಡ ಬ್ರೋಕರ್‌ಗೆ ಒಬ್ಬಳು ಬಿಟ್ಟುಹೋದರೆ ಹೆಂಡತಿ ಒಂದು ವಾರ ಕೂತು ಕಲಿಸಬೇಕಿಲ್ಲ. ಇಬ್ಬರನ್ನು ಇಟ್ಟುಕೊಂಡು, ಕುಟುಂಬಗಳ ವಿಮೆಗೆ ಮನೆಮನೆ ಹೋಗುವ ಸಣ್ಣ ಏಜೆಂಟ್‌ಗೆ ಹೊಂದದ ಅಂಗಿ ಅದು.

ಈಗ ರಿಜಿಸ್ಟರಿನಲ್ಲಿ ಫೋನ್ ಮಾಡದೆ ಉಳಿದಿರುವ ಮನೆ 40ರ ಆಸುಪಾಸು. ಗೆಳೆಯ ಎಪಿಎಂಸಿ ಅಂಗಡಿಗಳ ಬಗ್ಗೆ ಮಾತಾಡುತ್ತಿದ್ದಾನೆ. 20,000 ನಂಬರಿನ ಫೈಲನ್ನು ಅಳಿಸಿಹಾಕಿದ್ದನ್ನು ನಾನೇ ನಿಂತು ನೋಡಿದೆ. ಲೆಕ್ಕದ ಹಾಳೆಯಲ್ಲಿ ಆ 18 ಪಾಲಿಸಿಗಳ ಮುಂದೆ ಒಂದು ಕಾಲಂ ಖಾಲಿ ಬಿಟ್ಟಿದ್ದೇನೆ. ಮೊದಲನೆಯದರ ರಿನ್ಯೂವಲ್ ನವೆಂಬರ್ ಕೊನೆಯ ವಾರ ಬರುತ್ತದೆ. 80 ಅನ್ನುವುದು ಅವನ ಪಂದ್ಯ, 60 ಅನ್ನುವುದು ನನ್ನದು. ಸೋತವರು ದೋಸೆ ಕೊಡಿಸಬೇಕು.